ಗೋಡೆ ಬಿಟ್ಟು ಒಳಗಿನ ಅಳತೆ

ನಗಬಾರದ ಕಡೆಯಲ್ಲೇ ನಗು ಬರುವುದು ನನ್ನ ಉದ್ಯೋಗಕ್ಕೆ ಅಂಟಿದ ಶಾಪ. ಮಂಡ್ಯದ ಒಂದು ಮನೆಸಾಲದ ಕಚೇರಿಯಲ್ಲಿ ನಾನು ಸ್ಥಳ ತನಿಖೆಯವಳು. ಸಾಲ ಕೇಳಿದವರ ಮನೆಗೆ ಮೊದಲು ಒಮ್ಮೆ ಹೋಗಬೇಕು, ಗೋಡೆ ಏಳುವಾಗ ಇನ್ನೊಮ್ಮೆ ಹೋಗಬೇಕು, ಎಲ್ಲ ಮುಗಿದ ಮೇಲೆ ಅವರು ನಿಜವಾಗಿ ಅದರೊಳಗೆ ಇದ್ದಾರಾ ಎಂದು ನೋಡಲು ಮತ್ತೊಮ್ಮೆ ಹೋಗಬೇಕು. ಪ್ರತಿ ಸಲವೂ ಕಾಫಿ ಕೊಡುತ್ತಾರೆ, ಕಷ್ಟ ಹೇಳಿಕೊಳ್ಳುತ್ತಾರೆ, ಏನೋ ಒಂದು ಎಡವಟ್ಟು ಆಗಿಯೇ ಆಗುತ್ತದೆ.

ಬಡ್ಡಿಯಲ್ಲಿ ಒಂದು ಪಾಲನ್ನು ಸರ್ಕಾರವೇ ಕಟ್ಟಿಕೊಡುವ ಸಾಲವೊಂದಿದೆ. ಅದಕ್ಕೆ ಮಿತಿಗಳೋ ಮಿತಿಗಳು. ಸಂಸಾರದ ವರಮಾನ ಇಷ್ಟರೊಳಗೆ, ಮನೆಯ ಅಳತೆ ಇಷ್ಟರೊಳಗೆ, ಸಾಲ ಇಷ್ಟರೊಳಗೆ. ಆದರೆ ಕಂತು ಕಟ್ಟುವಷ್ಟು ಗಟ್ಟಿ ಕುಳಗಳಾಗಿಯೂ ಇರಬೇಕು ಎಂಬುದು ನಮ್ಮ ಕಚೇರಿಯ ಹಟ. ಹಾಗಾಗಿ ಬಂದವರು ಸರ್ಕಾರದ ಎದುರು ಬಡವರಾಗಿ, ನನ್ನ ಎದುರು ಸಾಹುಕಾರರಾಗಿ ಒಂದೇ ಅಂಗಿಯಲ್ಲಿ ನಿಲ್ಲಬೇಕು. ಹಾಗೆ ನಿಂತವರು ಬಹಳ ಮಂದಿ. ಅವರಲ್ಲಿ ಬೆಸಗರಹಳ್ಳಿಯ ಒಂದು ಸಂಸಾರದ ಕಥೆ ಮಾತ್ರ ಇಲ್ಲಿ ಹೇಳುತ್ತೇನೆ. ಉಳಿದವರದ್ದು ಇದಕ್ಕಿಂತ ಬೇರೆಯಲ್ಲ, ಇದರಷ್ಟು ನಗು ಬರುವುದಿಲ್ಲ ಅಷ್ಟೆ.

೧. ಅತ್ತೆಯ ವಯಸ್ಸು

ಗಂಡ ಮದ್ದೂರಿನಲ್ಲಿ ಶಾಲೆಯ ವ್ಯಾನು ಓಡಿಸುವವನು. ಹೆಂಡತಿ ಗಾರ್ಮೆಂಟ್ಸಿನಲ್ಲಿ ಹೊಲಿಗೆಗೆ ಹೋಗುವವಳು. ಜತೆಯಲ್ಲಿ ಅವನ ತಾಯಿ. ಮೂವರೂ ಮಂಡ್ಯದ ಬಸ್ಸು ಹತ್ತಿ ಬಂದು ನನ್ನ ಮೇಜಿನ ಮುಂದೆ ಕೂತರು. ವರಮಾನ ಎಷ್ಟು ಎಂದು ಕೇಳಿದರೆ ಗಂಡ ತಲೆ ಕೆರೆದುಕೊಂಡು, ತಾಲ್ಲೂಕು ಕಚೇರಿಗೆ ಹೇಳಿದ್ದು ಹೇಳಲಾ, ನಿಮಗೆ ಹೇಳಬೇಕಾದ್ದು ಹೇಳಲಾ ಎಂದು ಕೇಳಿದ. ಹೆಂಡತಿ ಅವನನ್ನು ಮೊಣಕೈಯಲ್ಲಿ ತಿವಿದು, ನನ್ನ ಸಂಬಳ ಎಲ್ಲ ಕಡೆಗೂ ಒಂದೇ, ಅದನ್ನು ಬರೆದುಕೊಳ್ಳಿ ಎಂದಳು.

ಇರುವ ಮನೆ ಗಂಡನ ಅಣ್ಣನ ಜತೆಗಿನ ಹಳೇ ಮನೆ. ಅಲ್ಲಿರಲು ಏನು ತೊಂದರೆ ಎಂದು ಕೇಳಿದೆ. ಇದು ನಾನು ಎಲ್ಲರಿಗೂ ಕೇಳುವ ಪ್ರಶ್ನೆ. ಸೊಸೆಯಂದಿರು ಸಾಮಾನ್ಯವಾಗಿ ಈ ಪ್ರಶ್ನೆಗೆ ಅತ್ತೆಯ ಕಡೆ ನೋಡುತ್ತಾರೆ. ಇವಳೂ ನೋಡಿದಳು.

"ನಮ್ಮತ್ತೆ ಸೀರೆ ಉಟ್ಕೊಳೋಕೂ ರಾಗಿ ಮೂಟೆ ಹಿಂದಕ್ಕೆ ಓಯ್ತಾರೆ ಮೇಡಂ," ಅಂದಳು. "ಅವರಿಗೊಂದು ಬಾಗ್ಲಿರೋ ಕೋಣೆ ಬೇಕು. ಒಳ್ಗಿಂದ ಚಿಲಕ ಆಕ್ಕೊಳೋ ಅಂಥದು."

ನನ್ನ ಹತ್ತಿರ ಅತ್ತೆಯಿಂದ ತಪ್ಪಿಸಿಕೊಳ್ಳಲು ಸಾಲ ಕೇಳಿದವರಿದ್ದಾರೆ. ಅತ್ತೆಗಾಗಿ ಕೇಳಿದವಳನ್ನು ಅದೇ ಮೊದಲು ಕಂಡದ್ದು. ಅವಳ ತವರಿನವರು ಮದ್ದೂರಿನ ಹೊರಗೆ ಒಂದು ಸೈಟು ಕೊಡಿಸಿದ್ದರು. ನನಗೆ ಆ ಹುಡುಗಿಯ ಮೇಲೆ ಅಲ್ಲೇ ಅಕ್ಕರೆ ಹುಟ್ಟಿತು, ಮಿತಿಯಲ್ಲಿ ಎಷ್ಟು ಸಾಧ್ಯವೋ ಅಷ್ಟನ್ನೂ ಹಿಗ್ಗಿಸಿ ಕೊಡಿಸಬೇಕು ಅನ್ನಿಸಿತು.

ಅಷ್ಟರಲ್ಲಿ ಅಜ್ಜಿ, ತನಗೂ ವಿಧವಾ ಪಿಂಚಣಿ ಬರುತ್ತದೆ, ಅದನ್ನೂ ಸೇರಿಸಿಕೊಂಡರೆ ಸಾಲ ಜಾಸ್ತಿ ಸಿಗುತ್ತದಲ್ಲ ಎಂದು ಲೆಕ್ಕ ಹಾಕಿತು. ನಾನು ನಿಧಾನವಾಗಿ ತಿಳಿಸಿದೆ. ಸಾಲದಲ್ಲಿ ಹೆಸರು ಹಾಕುವವರಿಗೆ ವಯಸ್ಸಿನ ಮಿತಿ ಇದೆ, ಈ ಸಾಲ ತೀರುವ ಹೊತ್ತಿಗೆ ನಿಮಗೆ ತೊಂಬತ್ತು ದಾಟಿರುತ್ತದೆ.

"ದಾಟ್ಲಿ ಬುಡು ಮಗ," ಅಂತು ಅಜ್ಜಿ. "ಅಲ್ಲೀಗಂಟ ಇರ್ತಾಳೆ ಅಂತ ನೀವು ಮೊಹರು ಒತ್ಕೊಟ್ರೆ ನಂಗೂ ಒಸಿ ಧೈರ್ಯ."

೨. ನಾಟಕದ ಒಲೆ

ಅಣ್ಣ ತಮ್ಮ ಒಟ್ಟಿಗಿದ್ದರೆ ಅಣ್ಣನ ವರಮಾನವೂ ಸೇರಿ ಸರ್ಕಾರದ ಮಿತಿ ದಾಟುತ್ತಿತ್ತು. ಬೇರೆ ಸಂಸಾರ ಎಂದಾದರೆ ಮಾತ್ರ ಸಾಲ ಎಂದು ನಾನು ಹೇಳಿದ್ದೆ. ನಮ್ಮ ಕಡೆ ಬೇರೆ ಆಗುವುದು ಎಂದರೆ ಒಲೆ ಬೇರೆ ಆಗುವುದು, ಅದಕ್ಕಿಂತ ದೊಡ್ಡ ಪುರಾವೆ ಯಾವ ಕಚೇರಿಯೂ ಕೊಡಲಾರದು. ನಾನು ತನಿಖೆಗೆ ಬರುವ ದಿನ ಗೊತ್ತಿದ್ದರಿಂದ ಅವರು ಪಡಸಾಲೆಯಲ್ಲಿ ಇನ್ನೊಂದು ಒಲೆ ಹೂಡಿದ್ದರು. ಒಲೆಗೆ ಮೆತ್ತಿದ ಮಣ್ಣು ಇನ್ನೂ ಹಸಿಯಾಗಿತ್ತು.

ಒಳಗಿನ ಒಲೆಯ ಮೇಲೆ ಹುರುಳಿಕಾಳಿನ ಬಸ್ಸಾರು, ಹೊರಗಿನ ಒಲೆಯ ಮೇಲೂ ಹುರುಳಿಕಾಳಿನ ಬಸ್ಸಾರು. ಇಬ್ಬರು ಸೊಸೆಯರೂ ಒಂದೇ ಉಪ್ಪಿನ ಡಬ್ಬಿಗೆ ಕೈ ಹಾಕುತ್ತಿದ್ದರು. ನಾನು ಕಾಣದವಳ ಹಾಗೆ ಎರಡು ಒಲೆ ಎಂದು ಬರೆದುಕೊಳ್ಳುತ್ತಿದ್ದೆ. ಬಚ್ಚಲಿನಲ್ಲಿದ್ದ ಅಣ್ಣ, ನಾನಿನ್ನೂ ಹೋಗಿಲ್ಲ ಎಂಬುದು ತಿಳಿಯದೆ, ಅಲ್ಲಿಂದಲೇ ತಮ್ಮನಿಗೆ ಕೂಗಿದ.

"ಲೇ, ಆ ಯಮ್ಮ ಓದ್ಲೇನ್ಲಾ? ಒಲೆ ಕಿತ್ ಮಡಗ್ಲಾ, ಕಾಲಿಗೆ ಎಡುವ್ತದೆ."

ನಾನು ಅದನ್ನೂ ಕೇಳದವಳ ಹಾಗೆ ಸ್ಕೂಟರ್ ಹತ್ತಿದೆ. ಸಾಲ ಮಂಜೂರಾಯಿತು. ಒಲೆಯನ್ನು ಮಾತ್ರ ಕೀಳಲಿಲ್ಲ. ಆ ಯಮ್ಮ ಹೇಳದೆ ಕೇಳದೆ ಮತ್ತೆ ಬಂದರೆ ಏನು ಗತಿ ಎಂದು ದಿನವೂ ಉರಿ ಹಾಕತೊಡಗಿದರು. ಉರಿ ಹಾಕಿದ ಮೇಲೆ ಸುಮ್ಮನೆ ಯಾಕೆ ಎಂದು ಅಡಿಗೆಯನ್ನೂ ಮಾಡತೊಡಗಿದರು. ಒಂದು ಭಾನುವಾರ ಹೊರಗಿನ ಒಲೆಯಲ್ಲಿ ಬಾಡು ಬೆಂದಿತು, ಒಳಗಿನ ಒಲೆಗೆ ಒಂದು ಬಟ್ಟಲು ಹೋಗಲಿಲ್ಲ. ಕೊಡಬಾರದು ಅಂತಲ್ಲ, ಕೊಟ್ಟರೆ ಒಟ್ಟಿಗಿದ್ದೇವೆ ಅಂತ ಆಗಿಬಿಡುತ್ತದೆ ಎಂಬ ಭಯಕ್ಕೆ. ಅಣ್ಣ ಮಾತು ಬಿಟ್ಟ. ಪಡಸಾಲೆಗೆ ಅಡ್ಡಲಾಗಿ ತೆಂಗಿನ ಗರಿಯ ತಡಿಕೆ ಎದ್ದಿತು.

ಸುಳ್ಳು ಹೇಳಿ ಸಾಲ ತೆಗೆದವರನ್ನು ಬೇಕಾದಷ್ಟು ನೋಡಿದ್ದೇನೆ. ಹೇಳಿದ ಸುಳ್ಳನ್ನು ಇಷ್ಟು ನಿಯತ್ತಾಗಿ ನಿಜ ಮಾಡಿಕೊಂಡವರನ್ನು ನೋಡಿರಲಿಲ್ಲ. ನನಗೆ ಬೇಸರವಾಯಿತು, ಬೇರೆ ಇರಬೇಕು ಎಂದು ಹೇಳಿದವಳು ನಾನೇ ತಾನೆ. ಸೈಟಿನ ಫೋಟೊ ತೆಗೆಯಲು ಹೋದ ದಿನ ಅಜ್ಜಿಯನ್ನು, ನಿಮಗೆ ಈಗ ಎರಡೂ ಕಡೆ ಊಟವಲ್ಲವಾ ಎಂದು ಸಮಾಧಾನಕ್ಕೆ ಕೇಳಿದೆ.

"ಅಲ್ಲಿ ಉಂಡವ್ಳೆ ಅಂತ ಇವ್ರು ಅನ್ಕೋತಾರೆ, ಇಲ್ಲಿ ಉಂಡವ್ಳೆ ಅಂತ ಅವ್ರು ಅನ್ಕೋತಾರೆ," ಅಂತು ಅಜ್ಜಿ. "ಎರಡ್ ಒಲೆ ಆದ್ಮೇಲೆ ನಂಗೆ ಏಕಾದಸಿ ಜಾಸ್ತಿ ಕಣವ್ವ."

೩. ಹೊರಗೆ ಆಯ, ಒಳಗೆ ಸರ್ಕಾರ

ಮನೆಯ ನಕ್ಷೆ ಚೆನ್ನಾಗಿತ್ತು. ಒಂದು ಹಾಲು, ಅಡಿಗೆಮನೆ, ಎರಡು ಕೋಣೆ. ಅದರಲ್ಲಿ ಒಂದು ಅಜ್ಜಿಯದು, ಬಾಗಿಲು ಚಿಲಕದ ಸಮೇತ. ಆದರೆ ಸರ್ಕಾರ ಅಳೆಯುವುದು ಗೋಡೆ ಬಿಟ್ಟು ಒಳಗಿನ ನೆಲವನ್ನು. ಆ ಅಳತೆ ಮಿತಿಗಿಂತ ಒಂದಿಷ್ಟು ಹೆಚ್ಚಾಗಿತ್ತು. ಮನೆಯನ್ನು ಸ್ವಲ್ಪ ಕುಗ್ಗಿಸಿ ಎಂದೆ.

ಕುಗ್ಗಿಸುವಂತಿರಲಿಲ್ಲ. ವೈದ್ಯನಾಥಪುರದಲ್ಲಿ ಪೂಜೆ ಮಾಡಿಸಿಕೊಂಡು, ಅಲ್ಲೇ ಒಬ್ಬರ ಹತ್ತಿರ ಮನೆಯ ಆಯ, ಅಂದರೆ ಅಳತೆಯ ಶುಭ ಅಶುಭದ ಲೆಕ್ಕ, ಹಾಕಿಸಿಕೊಂಡು ಬಂದಿದ್ದರು. ಹೊರಗೋಡೆಯ ಉದ್ದ ಅಗಲ ಹೀಗೇ ಇದ್ದರೆ ಧ್ವಜಾಯ, ಮನೆಯವರಿಗೆ ಏಳಿಗೆ. ಒಂದು ಗೇಣು ಅತ್ತಿತ್ತ ಆದರೆ ಕಾಕಾಯ, ಮನೆಯ ಹಿರಿಯ ಜೀವಕ್ಕೆ ಕೇಡು. ಹಿರಿಯ ಜೀವ ಅಂದರೆ ಅಜ್ಜಿ. ಸೊಸೆ ಖಂಡಿತ ಒಪ್ಪಲಿಲ್ಲ. ನಾನು ಸರ್ಕಾರದ ಕಡೆಯಿಂದ ಒಂದು ಅಂಗುಲವೂ ಬಿಡುವಂತಿರಲಿಲ್ಲ.

ಆಗ ಗಾರೆ ಮೇಸ್ತ್ರಿ ಬೀಡಿ ಆರಿಸಿ ಎದ್ದು ಬಂದ.

"ಯಾಕ್ ಕಿತ್ತಾಡ್ತೀರಿ? ಒರ್ಗಡೆ ಆಯ ಇರ್ಲಿ, ಒಳ್ಗಡೆ ಸರ್ಕಾರ ಇರ್ಲಿ," ಅಂದ. "ಮಧ್ಯ ಉಳ್ಕೊಂಡಿದ್ಕೆ ನಾನು ಇಟ್ಗೆ ತುಂಬ್ತೀನಿ."

ಹಾಗೇ ತುಂಬಿದ. ಶ್ರೀರಂಗಪಟ್ಟಣದ ಕೋಟೆಯನ್ನು ಕಟ್ಟಿದವರೂ ಅಷ್ಟು ಧಾರಾಳವಾಗಿ ಕಟ್ಟಿರಲಾರರು. ಕಿಟಕಿಯ ಕಟ್ಟೆಯ ಮೇಲೆ ಒಬ್ಬರು ಕಾಲು ಚಾಚಿ ಮಲಗಬಹುದಿತ್ತು. ನಾನು ಟೇಪು ಹಿಡಿದು ಒಳಗೆಲ್ಲ ಅಳೆದೆ, ಸರ್ಕಾರದ ಮಿತಿಗೆ ಕೂದಲೆಳೆಯಷ್ಟೂ ತಪ್ಪಿರಲಿಲ್ಲ.

ತಪ್ಪಿದ್ದು ಸಾಲ. ದಪ್ಪ ಗೋಡೆಗಳು ಇಟ್ಟಿಗೆ, ಸಿಮೆಂಟು, ಕೂಲಿ ಎಲ್ಲವನ್ನೂ ನುಂಗಿದವು. ತಾರಸಿ ಬೀಳುವ ಹೊತ್ತಿಗೆ ಕೊಟ್ಟ ಹಣ ಖಾಲಿ. ಇನ್ನೊಂದಿಷ್ಟು ಕೊಡಿಸಿ ಎಂದು ಸೊಸೆ ಕೆಲಸಕ್ಕೆ ರಜೆ ಹಾಕಿ ನಮ್ಮ ಕಚೇರಿಗೆ ಅಲೆದಳು. ಅವಳ ಸಂಬಳಕ್ಕೆ ಸಿಗುವ ಸಾಲದ ಮಿತಿ ಮುಗಿದಿತ್ತು. ಮ್ಯಾನೇಜರ ಹತ್ತಿರ ನಾನೇ ಹೋಗಿ ಜಗಳ ಆಡಿದೆ, ಅವರು ನಿಯಮದ ಪುಸ್ತಕವನ್ನು ನನ್ನ ಕಡೆ ತಿರುಗಿಸಿ ತೋರಿಸಿದರು. ಅವತ್ತು ಮಧ್ಯಾಹ್ನ ನನಗೆ ಊಟ ಸೇರಲಿಲ್ಲ.

ಕೊನೆಗೆ ಒಂದು ಕೋಣೆಯ ಅಡ್ಡಗೋಡೆ, ಬಾಗಿಲು ಎರಡನ್ನೂ ಕೈಬಿಟ್ಟರು. ಯಾವ ಕೋಣೆ ಎಂದು ಕೇಳಬೇಕಾಗಿಯೇ ಇರಲಿಲ್ಲ. ಸೊಸೆ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದಳು. ಅಜ್ಜಿ ಹೋಗಿ ಆ ಕೋಟೆಗೋಡೆಯನ್ನು ಎಮ್ಮೆಯ ಬೆನ್ನು ತಟ್ಟುವ ಹಾಗೆ ತಟ್ಟಿತು.

"ಅಳ್ಬೇಡ ಸುಮ್ಕಿರು, ನನ್ ಕೋಣೆ ಎಲ್ಲೂ ಓಗಿಲ್ಲ," ಅಂತು. "ಇದ್ರೊಳ್ಗೇ ಅದೆ."

೪. ವಾಸದ ತಪಾಸಣೆ

ಹಾಲುಕ್ಕಿಸಿ ಮನೆ ಹೊಕ್ಕರು. ಅಜ್ಜಿಗೆ ಹಾಲಿನ ಮೂಲೆಯಲ್ಲಿ ಮಂಚ ಹಾಕಿ, ಹಳೇ ಸೀರೆಯೊಂದನ್ನು ಅಡ್ಡ ಕಟ್ಟಿದರು. ಮಳೆಗಾಲ ಕಳೆಯುವ ಮೊದಲೇ ಅಜ್ಜಿ ಆ ಸೀರೆಯ ಹಿಂದೆ ಒಂದು ಬೆಳಗ್ಗೆ ಏಳಲಿಲ್ಲ. ಕಾಯಿಲೆ ಕಸಾಲೆ ಏನೂ ಇರಲಿಲ್ಲ. ಸುದ್ದಿ ಕೇಳಿ ನಾನೂ ಹೋಗಿ ಹೂವಿನ ಹಾರ ಹಾಕಿ ಬಂದೆ. ಮಾತು ಬಿಟ್ಟಿದ್ದ ಅಣ್ಣ ಹೆಗಲು ಕೊಟ್ಟ, ಗಟ್ಟಿಯಾಗಿ ಅತ್ತ, ತಿಥಿಯ ಊಟಕ್ಕೆ ಅರ್ಧ ಖರ್ಚೂ ಕೊಟ್ಟ.

ತೊಂದರೆ ಆದದ್ದು ನಕ್ಷತ್ರದಿಂದ. ಅಜ್ಜಿ ಹೋದದ್ದು ಧನಿಷ್ಠೆಯಲ್ಲಿ ಎಂದು ಜೋಯಿಸರು ಹೇಳಿದರು. ಧನಿಷ್ಠೆಯಲ್ಲಿ ಸತ್ತರೆ ಆ ಮನೆಯನ್ನು ಆರು ತಿಂಗಳು ಬಿಡಬೇಕು, ಯಾರೂ ಒಳಗೆ ಕಾಲಿಡಬಾರದು. ಹೋದವರು ಅಲ್ಲಿಯವರೆಗೆ ಮನೆಯಲ್ಲೇ ಇರುತ್ತಾರೆ, ಅಡ್ಡ ಬಂದವರನ್ನು ಜತೆಗೆ ಕರೆದುಕೊಂಡು ಹೋಗುತ್ತಾರೆ ಎಂದು ನಂಬಿಕೆ. ಹೊಸ ಮನೆಗೆ ಬೀಗ ಬಿತ್ತು, ಬಾಗಿಲಿಗೆ ಅಡ್ಡಲಾಗಿ ಜಾಲಿ ಮುಳ್ಳು ಬಿತ್ತು. ಅಂಥ ಮನೆಯಿಂದ ಬಂದವರನ್ನು ಸೇರಿಸಿಕೊಳ್ಳಲು ಅಣ್ಣನ ಹೆಂಡತಿ ಹೆದರಿದಳು. ಗಂಡ ಹೆಂಡತಿ ತಮ್ಮ ಮನೆಯ ಎದುರಿಗೇ ಒಂದು ಶೀಟಿನ ಕೋಣೆ ಬಾಡಿಗೆಗೆ ಹಿಡಿದರು. ಒಂದು ಕಡೆ ಕಂತು, ಇನ್ನೊಂದು ಕಡೆ ಬಾಡಿಗೆ. ಸಂಜೆ ಆದರೆ ಅದರ ಹೊಸ್ತಿಲ ಮೇಲೆ ಕೂತು ಸ್ವಂತ ಮನೆಯನ್ನು ನೋಡುತ್ತಿದ್ದರು.

ಆ ಹೊತ್ತಿಗೇ ನನ್ನ ಕೊನೆಯ ತಪಾಸಣೆ ಬಂತು. ಸಾಲ ತೆಗೆದವರ ಸಂಸಾರ ಆ ಮನೆಯಲ್ಲಿ ವಾಸವಿರಬೇಕು. ಖಾಲಿ ಬಿದ್ದಿದ್ದರೆ ಸರ್ಕಾರ ಕೊಟ್ಟ ನೆರವನ್ನು ವಾಪಸ್ ಕಿತ್ತುಕೊಳ್ಳುತ್ತದೆ, ಅದೆಲ್ಲ ಇವರ ತಲೆಯ ಮೇಲೆ ಬಿದ್ದು ಕಂತು ಏರುತ್ತದೆ. ಏರಿದ ಕಂತನ್ನು ಬಾಡಿಗೆಯ ಜತೆಗೆ ಕಟ್ಟುವುದು ಇವರಿಂದ ಆಗದ ಮಾತು. ಆರು ತಿಂಗಳು ತುಂಬುವುದರೊಳಗೆ ಮನೆಗೆ ಹರಾಜಿನ ನೋಟೀಸು ಬರುತ್ತಿತ್ತು. ನಮ್ಮ ನಿಯಮದ ಪುಸ್ತಕದಲ್ಲಿ ನೆರೆಗೆ ವಿನಾಯಿತಿ ಇದೆ, ಬೆಂಕಿಗೆ ಇದೆ, ಧನಿಷ್ಠೆಗೆ ಇಲ್ಲ.

ನಾನು ಹೋದಾಗ ಗಂಡ ವ್ಯಾನು ನಿಲ್ಲಿಸಿಕೊಂಡು ತಲೆ ತಗ್ಗಿಸಿ ನಿಂತಿದ್ದ. ಬಾಗಿಲಿಗೆ ಹಾಕಿದ ಮುಳ್ಳು ಹಾಗೇ ಇತ್ತು. ಹಾಳು ಕೆಲಸ, ಬಿಟ್ಟು ಹೋಗೋಣ ಅನ್ನಿಸಿತು. ಆದರೂ ಕೇಳಬೇಕಾದ ಪ್ರಶ್ನೆ ಕೇಳಲೇಬೇಕು. ಈಗ ಈ ಮನೆಯಲ್ಲಿ ನಿಮ್ಮ ಸಂಸಾರದವರು ಯಾರಾದರೂ ವಾಸ ಇದ್ದಾರಾ ಎಂದು ಕೇಳಿದೆ. ಸೊಸೆ ರಸ್ತೆ ದಾಟಿ ಬಂದಳು.

"ಖಾಲಿ ಅಂತ ಬರೀಬೇಡಿ ಮೇಡಂ, ನಮ್ಮತ್ತೆ ಒಳ್ಗವ್ರೆ," ಅಂದಳು. "ಅವ್ರು ಇರೋದ್ಕೇ ತಾನೆ ನಾವು ಆಚೆ ಬಂದಿರೋದು?"

ಅವಳ ಮುಖದಲ್ಲಿ ತಮಾಷೆಯ ಸುಳಿವೂ ಇರಲಿಲ್ಲ. ನಾನು ಯೋಚಿಸಿದೆ. ಊರಿಗೆ ಊರೇ ಒಪ್ಪಿದ ಮಾತನ್ನು ಇಲ್ಲ ಅನ್ನಲು ನಾನು ಯಾರು? ವಾಸವಿದ್ದಾರೆ, ಒಬ್ಬರು, ಸಾಲಗಾರರ ತಾಯಿ ಎಂದು ಬರೆದು, ಬೀಗ ಕಾಣದ ಹಾಗೆ ಪಕ್ಕದಿಂದ ಒಂದು ಫೋಟೊ ತೆಗೆದುಕೊಂಡೆ.

ಮಾರನೇ ದಿನ ಮ್ಯಾನೇಜರು ನನ್ನ ವರದಿಯನ್ನು ಹಿಡಿದುಕೊಂಡು ನನ್ನನ್ನು ಕರೆದರು. ವಾಸವಿರುವವರು ಬಾಗಿಲಲ್ಲಿ ನಿಂತಿರುವ ಫೋಟೊ ಎಲ್ಲಿ ಎಂದು ಕೇಳಿದರು. ಬೇರೆಯವರಾಗಿದ್ದರೆ ಏನಾದರೂ ಸಬೂಬು ಹೇಳುತ್ತಿದ್ದೆ. ಇವರು ಮಳವಳ್ಳಿ ತಾಲ್ಲೂಕು ಪೂರಿಗಾಲಿಯವರು, ಇಂಥವು ಗೊತ್ತಿಲ್ಲದವರಲ್ಲ. ನಡೆದದ್ದನ್ನು ಇದ್ದ ಹಾಗೇ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, ಯಾವ ನಕ್ಷತ್ರ ಎಂದು ಕೇಳಿದರು. ಹೇಳಿದೆ. ಪೆನ್ನು ತೆಗೆದವರು ರುಜು ಹಾಕದೆ ಹಾಗೇ ಹಿಡಿದುಕೊಂಡು ಕೂತರು.

"ನೀವು ಬಾಗಿಲು ಗೀಗಿಲು ತಟ್ಟಲಿಲ್ಲ ತಾನೆ?"

"ತಟ್ಟಿದೆ ಸಾರ್. ತಟ್ಟದೆ ವರದಿ ಬರೆಯಬಾರದು ಅಂತ ನಿಯಮ ಇದೆಯಲ್ಲ."

ಅವರು ಕುರ್ಚಿಯನ್ನು ಮೇಜಿನಿಂದ ಸ್ವಲ್ಪ ಹಿಂದಕ್ಕೆ ಎಳೆದುಕೊಂಡರು. ದನಿ ತಗ್ಗಿಸಿ, ಒಳಗಿನಿಂದ ಏನಾದರೂ ಕೇಳಿಸಿತಾ ಎಂದರು.

"ನಿಮ್ ದೊಡ್ ಸಾಹೇಬ್ರ ಮನೆ ಎಲ್ಲದೆ ಮಗ ಅಂತ ಕೇಳಿದ ಹಾಗಾಯಿತು ಸಾರ್," ಅಂದೆ.

ರುಜು ಬಿತ್ತು.