ತಣ್ಣನೆಯ ಚೀಲ

ಜಗಳ ಶುರುವಾದದ್ದು ಹಾಲಿನ ಪಾತ್ರೆಯಿಂದ. ಶಾಲೆಯ ಪ್ರಯೋಗಾಲಯದ ಸಹಾಯಕರು, ಸೆಖೆಗೆ ಕೆಡುವ ರಾಸಾಯನಿಕಗಳ ಬಾಟಲಿಗಳನ್ನು ಮೂರು ಬೇಸಿಗೆಗಳಿಂದ ಮನೆಯ ಫ್ರಿಜ್‌ನಲ್ಲೇ ಇಡುತ್ತ ಬಂದಿದ್ದರು. ಅಂದು ಬೆಳಿಗ್ಗೆ ಹಾಲಿಡಲು ಜಾಗ ಸಿಗದೆ ಹೆಂಡತಿ ಕೆಂಡಾಮಂಡಲವಾದರು.

"ಸಂಜೆಯೊಳಗೆ ಇವೆಲ್ಲ ಮನೆಯಿಂದ ಹೊರಗೆ ಹೋಗ್ಬೇಕು. ಇಲ್ಲಾಂದ್ರೆ ಇವುಗಳ ಜತೆ ನೀವೂ ಹೊರಗೇ!"

"ಸ್ವಲ್ಪ ತಡ್ಕೊಳೇ. ಇವತ್ತು ಇಲಾಖೆ ಸಾಹೇಬ್ರು ಬರ್ತಿದ್ದಾರೆ. ಶಾಲೆಗೇ ಒಂದು ಫ್ರಿಜ್ ಮಂಜೂರು ಮಾಡಿದ್ರೆ ಮುಗೀತಲ್ಲ."

ಶಾಲೆಯಲ್ಲಿ ಈ ಸಹಾಯಕರನ್ನು ಎಲ್ಲರೂ ಕರೆಯುತ್ತಿದ್ದದ್ದು ಥರ್ಮಾಮೀಟರ್ ಎಂದು. ನೀರಿಗೆ ಬೆರಳದ್ದಿ ಇಷ್ಟು ಡಿಗ್ರಿ ಎಂದರೆ ಅಷ್ಟೇ. ಪದವಿಯಿಲ್ಲ, ಸಂಬಳವೂ ಅಷ್ಟಕ್ಕಷ್ಟೆ. ಆದರೆ ಇಪ್ಪತ್ತೆರಡು ವರ್ಷ ಮೇಷ್ಟ್ರುಗಳ ಹಿಂದೆ ನಿಂತು ಕೇಳಿದ ಪಾಠವೆಲ್ಲ ಕೈಗೆ ಬಂದಿತ್ತು. ಅಂಥ ಕೈಗೆ ಯಾರಾದರೂ ಕೈಮುಗಿಯಬೇಕು.

ಹತ್ತೂವರೆಗೆ ಸಾಹೇಬರು ಬಂದರು, ಪ್ರಯೋಗಾಲಯದ ಮೆಟ್ಟಿಲಲ್ಲೇ ಜಾರಿ ಕಾಲು ಉಳುಕಿಸಿಕೊಂಡರು. ನೋಡುನೋಡುತ್ತಿದ್ದಂತೆ ಪಾದ ಬನ್ನಿನ ಹಾಗೆ ಊದಿತು.

"ಐಸ್ ತನ್ರೀ, ಐಸ್!" ಎಂದು ಕೂಗಿಕೊಂಡರು.

ಹೆಡ್‌ಮಿಸ್ಟ್ರೆಸ್ಸು ಥರ್ಮಾಮೀಟರನ್ನು ಮೂಲೆಗೆ ಎಳೆದರು. "ನೀವು ಸುಮ್ನಿದ್ಬಿಡಿ. ಫ್ರಿಜ್ ಇಲ್ಲ, ಅದಕ್ಕೇ ಐಸ್ ಇಲ್ಲ ಅಂತ ನಾನು ಹೇಳ್ತೀನಿ. ನೋವಲ್ಲೇ ಫ್ರಿಜ್ ಫೈಲಿಗೆ ಸಹಿ ಬೀಳುತ್ತೆ ನೋಡಿ."

ಮಾತು ಅಪ್ಪಟ ನಿಜ. ಆದರೆ ಮುಂದೆ ಒಬ್ಬ ಮನುಷ್ಯ ನರಳುತ್ತಿರುವಾಗ, ಉಪಾಯ ಗೊತ್ತಿದ್ದೂ ಕೈಕಟ್ಟಿ ನಿಲ್ಲುವುದು ಥರ್ಮಾಮೀಟರಿಗೆ ಬರುವುದಿಲ್ಲ. "ಪಾಪ ಮೇಡಂ" ಎಂದವರೇ ಒಳಗೆ ಓಡಿ, ಕಪಾಟಿನಿಂದ ನವಸಾಗರದ, ಅಂದರೆ ಅಮೋನಿಯಂ ಕ್ಲೋರೈಡಿನ, ಬಿಳಿ ಪುಡಿ ತೆಗೆದು ಪ್ಲಾಸ್ಟಿಕ್ ಚೀಲಕ್ಕೆ ಸುರಿದು, ನೀರು ಹಾಕಿ ಕುಲುಕತೊಡಗಿದರು.

"ಏನ್ರೀ ಅದು?" ಎಂದು ಡ್ರಿಲ್ ಮೇಷ್ಟ್ರು ಮೂಗು ತೂರಿಸಿದರು.

"ಇದು ಕರಗೋಕೆ ಶಾಖ ಬೇಕು ಸಾರ್. ಅದನ್ನ ನೀರಿಂದಾನೇ ಕಿತ್ಕೊಳ್ಳುತ್ತೆ. ನೀರು ತಣ್ಣಗಾಗುತ್ತೆ."

ಸಾಹೇಬರ ಎದುರು ಮಿಂಚಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕೆ? ಡ್ರಿಲ್ ಮೇಷ್ಟ್ರು ಪಕ್ಕದ ಜಾಡಿಯ ಬಿಳಿ ಪುಡಿಯನ್ನು ಇನ್ನೊಂದು ಚೀಲಕ್ಕೆ ಸುರಿದು, ನೀರು ಹಾಕಿ, ಓಟದ ಸ್ಪರ್ಧೆಯವರಂತೆ ಓಡಿ ಸಾಹೇಬರ ಪಾದಕ್ಕೆ ಒತ್ತಿಯೇ ಬಿಟ್ಟರು.

"ಅಯ್ಯಯ್ಯೋ, ಸುಡ್ತಿದೆ!"

"ತಂಪು ಜಾಸ್ತಿಯಾದ್ರೆ ಹಾಗೇ ಅನ್ಸುತ್ತೆ ಸಾರ್, ತಡ್ಕೊಳ್ಳಿ!"

ಥರ್ಮಾಮೀಟರ್ ಎದ್ದೆನೋ ಬಿದ್ದೆನೋ ಎಂದು ಬಂದು ಆ ಚೀಲ ಕಿತ್ತೆಸೆದು ತಮ್ಮದನ್ನು ಇಟ್ಟರು. "ಅದು ಕ್ಯಾಲ್ಸಿಯಂ ಕ್ಲೋರೈಡ್ ಸಾರ್, ಕರಗುವಾಗ ಶಾಖ ಹೊರಗೆ ಬಿಡುತ್ತೆ. ಇದು ಒಳಗೆ ಎಳ್ಕೊಳ್ಳುತ್ತೆ. ಈಗ ಹದಿನಾಲ್ಕು ಡಿಗ್ರಿ ಇದೆ."

ಸಾಹೇಬರ ಮುಖ ನಿಧಾನವಾಗಿ ಅರಳಿತು. ಅನುಮಾನಕ್ಕೆ ಗಾಜಿನ ಥರ್ಮಾಮೀಟರ್ ತರಿಸಿ ನೋಡಿದರು. ಹದಿನಾಲ್ಕೇ! ಸುತ್ತ ನಿಂತವರೆಲ್ಲ ಚಪ್ಪಾಳೆ ತಟ್ಟಿದರು.

"ಎಂಥಾ ಮನುಷ್ಯನ್ನ ಇಟ್ಕೊಂಡಿದೀರ್ರೀ! ಎಲ್ಲಿ, ಆ ಫ್ರಿಜ್ ಫೈಲ್ ಕೊಡಿ."

ಹೆಡ್‌ಮಿಸ್ಟ್ರೆಸ್ಸು ಓಡಿಹೋಗಿ ತಂದರು. ಸಾಹೇಬರು ಬಹಳ ಹೊತ್ತು ಬರೆದು, ತಾವೇ ಗಟ್ಟಿಯಾಗಿ ಓದಿದರು: "ಕರೆಂಟೇ ಇಲ್ಲದೆ ತಂಪು ಮಾಡಬಲ್ಲ ಸಿಬ್ಬಂದಿ ಈ ಶಾಲೆಯಲ್ಲಿದ್ದಾರೆ. ಇವರಿಗೆ ಫ್ರಿಜ್‌ನ ಅಗತ್ಯವಿಲ್ಲ. ಅದನ್ನು ಬೇರೆ ಶಾಲೆಗೆ ಕೊಡತಕ್ಕದ್ದು."

"ಸಾರ್," ಎಂದರು ಥರ್ಮಾಮೀಟರ್. "ಇದು ಅರ್ಧ ಗಂಟೆ ಅಷ್ಟೇ ತಣ್ಣಗಿರೋದು..."

"ನೋಡಿ, ಎಷ್ಟು ವಿನಯ!" ಎಂದು ಸಾಹೇಬರು ಬೆನ್ನು ತಟ್ಟಿದರು. "ಹಾಗಾದ್ರೆ ದಾರಿಗೆ ಇನ್ನೊಂದು ಚೀಲ ಕಟ್ಕೊಡಿ."

ಥರ್ಮಾಮೀಟರ್ ಒಳಗೆ ಹೋಗಿ ಕಟ್ಟಿಕೊಟ್ಟರು. ಅದನ್ನೂ ಒಂದು ಹನಿ ಸೋರದಂತೆ ಅಚ್ಚುಕಟ್ಟಾಗಿಯೇ ಕಟ್ಟಿದರು.