ಕುರಿ ಮುಟ್ಟದ ಯಜಮಾನರಿಗೆ ಬೆಟ್ಟದ ಹೋತ

ನನ್ನ ಸೊಸೆಗೆ ನೆಟ್ಟಗೆ ಬರುವುದು ಎರಡೇ ಕೆಲಸ. ಮನುಷ್ಯರಿಗೆ ಸೂಜಿ ಚುಚ್ಚುವುದು, ಬೆಟ್ಟದ ಆಡಿಗೆ ಗುಂಡು ಹೊಡೆಯುವುದು. ಮುದ್ದೆ ತೊಳಸಲು ಕೋಲು ಕೈಗೆ ಕೊಟ್ಟು ನೋಡಿ, ಬರೀ ಗಂಟು! ಮದುವೆಯ ದಿನ ಅವಳಿಗೆ ಸೀರೆ ಉಡಿಸಲು ಮೂರು ಹೆಂಗಸರು ಬೇಕಾಗಿತ್ತು. ಈಗ ಬಂದೂಕು ಬಿಚ್ಚಿ ಒರೆಸಿ ಜೋಡಿಸಲು ಯಾರೂ ಬೇಡ.

ಇದಕ್ಕೆಲ್ಲ ಕಾರಣ ನಮ್ಮ ಯಜಮಾನರು. ಅವರು ಆಡು ತಿನ್ನುವವರು, ಕುರಿ ಮುಟ್ಟುವವರಲ್ಲ. ವಾಸನೆಯಂತೆ! ಅಂಥವರು ಬಂದು ಸೇರಿದ್ದು ಎಲ್ಲಿಗೆ? ನ್ಯೂಜಿಲೆಂಡಿಗೆ! ರಸ್ತೆಯ ಆ ಕಡೆ ಕುರಿ, ಈ ಕಡೆ ಕುರಿ, ಮಧ್ಯೆ ಕಾರಿನಲ್ಲಿ ಮೂಗು ಮುಚ್ಚಿಕೊಂಡ ಇವರು. ಎರಡು ವರ್ಷ ಹಾರ್ನ್‌ಬಿ ಅನ್ನುವ ಕಡೆ ಮಗನ ಮನೆಯಲ್ಲಿದ್ದು, ಇಲ್ಲೇ ತೀರಿಕೊಂಡರು.

ನಮ್ಮ ಮಂಡ್ಯದ ಕಡೆ ಪಿತೃಪಕ್ಷದಲ್ಲಿ ಸತ್ತವರಿಗೆ ಇಷ್ಟವಾದದ್ದನ್ನೇ ಎಡೆ ಇಡುತ್ತೇವೆ. ಮೊದಲ ವರ್ಷ ಸೊಸೆ ಸೂಪರ್‌ಮಾರ್ಕೆಟ್ಟಿನಿಂದ ಕುರಿ ತಂದು ಬೇಯಿಸಿದಳು. "ಫೋಟೋದಿಂದ ಎದ್ದು ಹೋಗ್ತಾರೆ, ನೋಡ್ತಿರು" ಅಂದೆ. ಇಂಡಿಯನ್ ಅಂಗಡಿಯಲ್ಲಿ ಐಸು ಹಿಡಿದ ಆಡು ಸಿಗುತ್ತದೆ ಅಂದಳು. "ಅದನ್ನಿಟ್ಟರೆ ಸತ್ತವರಿಗೂ ಹಲ್ಲು ಹೋಗ್ತದೆ" ಅಂದೆ. ಮಾರನೇ ವಾರ ಬಂದೂಕಿನ ಲೈಸೆನ್ಸಿಗೆ ಅರ್ಜಿ ಹಾಕಿದಳು!

ವಿಚಾರಣೆಗೆ ಒಬ್ಬ ಬಿಳಿಯರ ಹೆಂಗಸು ಮನೆಗೆ ಬಂದಳು. ಮನೆಯಲ್ಲಿ ಜಗಳ ಆಗುತ್ತದೆಯೇ ಎಂದು ನನ್ನನ್ನು ಕೇಳಿದಳು.

"ಅತ್ತೆ ಸೊಸೆ ಒಂದೇ ಮನೇಲಿದ್ದು ಜಗಳ ಆಗದೇ ಇರ್ತದಾ? ಮೊನ್ನೆ ತಾನೇ ಸಾರಿಗೆ ಉಪ್ಪು ಜಾಸ್ತಿ ಅಂದಿದ್ದಕ್ಕೆ ಎರಡು ದಿನ ಮಾತು ಬಿಟ್ಟಿದ್ಲು, ಬರ್ಕೊಳವ್ವ" ಅಂದೆ.

ಮಗ ಇಂಗ್ಲಿಷಿಗೆ ತಿರುಗಿಸಿ ಹೇಳಿದ. ನನ್ನ ಅಷ್ಟುದ್ದ ಮಾತು ಅವನ ಬಾಯಲ್ಲಿ ಎರಡೇ ಪದವಾಯಿತು. ಆಕೆ ನಕ್ಕು ಬರೆದುಕೊಂಡಳು. ಲೈಸೆನ್ಸು ಬಂತು.

ಆಮೇಲೆ ಬೆಟ್ಟ ಹತ್ತುವ ಅಭ್ಯಾಸ. ಹಾರ್ನ್‌ಬಿಯ ನೆಲ ರೊಟ್ಟಿ ಹಂಚಿನಷ್ಟು ಸಪಾಟು, ಬೆಟ್ಟ ಎಲ್ಲಿಂದ ತರಬೇಕು? ಇಪ್ಪತ್ತು ಕಿಲೋ ಅಕ್ಕಿ ಮೂಟೆ ಬೆನ್ನಿಗೆ ಕಟ್ಟಿಕೊಂಡು ಗೋಡೌನುಗಳ ಸುತ್ತ ಬಿರಬಿರನೆ ನಡೆದಳು. ಸೊಸೆಯನ್ನು ಮನೆಯಿಂದ ಹೊರಗೆ ಹಾಕಿದೆಯಾ ಎಂದು ಪಕ್ಕದ ಮನೆಯ ಮುದುಕಿ ಸನ್ನೆಯಲ್ಲಿ ಕೇಳಿದಳು. ನನಗಿರುವ ಇಂಗ್ಲಿಷಿನಲ್ಲಿ "ನೋ, ಕಮ್ ಬ್ಯಾಕ್" ಅಂದೆ.

ಮೊದಲ ಬೇಟೆಯಲ್ಲಿ ಕಂಡದ್ದು ಶಾಮಿ. ಕೊಂಬಿನ ತುದಿ ಕೊಕ್ಕೆಯ ಹಾಗೆ ಬಾಗಿರುವ ಒಂದು ಜಾತಿ ಕಾಡು ಆಡು ಅಂದುಕೊಳ್ಳಿ. ಬೆಳಗಿನಿಂದ ಸಂಜೆಯವರೆಗೆ ಬೋರಲು ಮಲಗಿ ನೋಡಿ, ಬರಿಗೈಲಿ ಬಂದಳು.

"ಯಾಕೆ ಹೊಡೀಲಿಲ್ಲ?"

"ಹೊಡೆದಿದ್ರೆ ಪ್ರಪಾತಕ್ಕೆ ಬೀಳ್ತಿತ್ತು ಅತ್ತೆ. ಹೋಗಿ ತರಕ್ಕಾಗದೆ ಇರೋದನ್ನ ಹೊಡೀಬಾರದು. ಫೋಟೋ ತಂದಿದೀನಿ, ನೋಡಿ."

"ಫೋಟೋನ ಕುಕ್ಕರಿಗೆ ಹಾಕ್ಲಾ?"

ಮುಂದಿನ ವರ್ಷ ತಾರ್ ತಂದಳು. ಕುತ್ತಿಗೆ ತುಂಬ ಸಿಂಹದ ಹಾಗೆ ಕೂದಲಿರುವ ಬೆಟ್ಟದ ಹೋತ. ಹಿಂದೆ ಯಾರೋ ಹಿಮಾಲಯದಿಂದ ತಂದು ಬಿಟ್ಟದ್ದಂತೆ. ಅದಕ್ಕೆ ಯಾರೂ ವೀಸಾ ಕೇಳಿರಲಿಕ್ಕಿಲ್ಲ! ತಲೆಯನ್ನು ಗ್ಯಾರೇಜಿನ ಮುಂದೆ ಗ್ಯಾಸ್ ಬೆಂಕಿಯಲ್ಲಿ ಸುಟ್ಟೆವು. ಪಕ್ಕದ ಮನೆಯ ಮುದುಕಿ ಬಕೆಟ್ಟಿನಲ್ಲಿ ನೀರು ಹಿಡಿದು ಓಡಿ ಬಂದಳು. ಕುಕ್ಕರು ಇಪ್ಪತ್ತು ಸಲ ಕೂಗಿತು, ಮಾಂಸ ಜಪ್ಪಯ್ಯ ಅನ್ನಲಿಲ್ಲ. ಬೆಟ್ಟ ಹತ್ತಿ ಹತ್ತಿ ಗಟ್ಟಿಯಾದ ಕಾಲು, ಸುಮ್ಮನೆ ಬೇಯುತ್ತದೆಯೇ? ಆದರೂ ಫೋಟೋದಲ್ಲಿ ಯಜಮಾನರ ಮುಖ ಸ್ವಲ್ಪ ಸಡಿಲವಾದ ಹಾಗೆ ನನಗೆ ಕಂಡಿತು.

ಈ ವರ್ಷ ಪಿತೃಪಕ್ಷದ ಅಮಾವಾಸ್ಯೆ ಭಾನುವಾರ ಬಿತ್ತು. ಸೊಸೆ ಗುರುವಾರವೇ ಆಸ್ಪತ್ರೆಯ ಗೆಳತಿಯ ಜೊತೆ ಯೂಟ್ ಅನ್ನುವ ಹಿಂದೆ ತೆರೆದ ಗಾಡಿ ಹತ್ತಿ ಬೇಟೆಗೆ ಹೋದಳು. ಶನಿವಾರ ಮಧ್ಯಾಹ್ನಕ್ಕೆ ಬರಬೇಕು. ಬಂದದ್ದು ಅವಳಲ್ಲ, ಮಗನ ಫೋನಿಗೆ ಒಂದು ಸುದ್ದಿ. "ಹೊಸ ಹಿಮ ಬಿದ್ದಿದೆ. ಜಾರುತ್ತಿದೆ. ಗುಡಿಸಲಿನಲ್ಲಿ ಕಾಯುತ್ತೇವೆ." ಆಮೇಲೆ ಸುದ್ದಿಯೇ ಇಲ್ಲ.

"ಏನೂ ಆಗಲ್ಲ ಕಣವ್ವ" ಅಂದ ಮಗ, ನನ್ನ ಟೀಗೆ ಉಪ್ಪು ಹಾಕಿ ಕೊಟ್ಟ. ನಾನೂ ಸುಮ್ಮನೆ ಕುಡಿದೆ.

ಭಾನುವಾರ ಬೆಳಿಗ್ಗೆಯೂ ಫೋನು ಸತ್ತಂತೆ ಬಿದ್ದಿತ್ತು. "ಹೋಗು, ಕುರಿ ತಗೊಂಡು ಬಾ" ಅಂದೆ.

"ಅಪ್ಪ ಕುರಿ ಮುಟ್ಟಲ್ವಲ್ಲವ್ವ? ಐಸಿನ ಆಡಾದ್ರೂ ತರ್ಲಾ?"

"ಕುರೀನೇ ತಾರೋ!"

ಬೇಯಿಸಿ ಎಡೆ ಇಟ್ಟೆ. ಪಕ್ಕದಲ್ಲಿ ಬೀಡಿ ಇಟ್ಟೆ. ಮಗನನ್ನು ಹೊರಗೆ ಕಳಿಸಿ ಫೋಟೋದ ಮುಂದೆ ನಿಂತೆ. "ನೋಡಿ, ನಿಮಗೆ ಹೋತ ಬೇಕೋ, ಮನೆಗೆ ಸೊಸೆ ಬೇಕೋ? ಇವತ್ತು ಕುರಿ ತಿನ್ನಿ, ಅವಳನ್ನ ಕೆಳಗಿಳಿಸಿ" ಅಂದೆ. ನಿಜ ಹೇಳಿದರೆ ಸತ್ತವರು ಹೋತ ಕೇಳಿರಲೇ ಇಲ್ಲ. ಕೇಳಿದ್ದು ನಾನು.

ಎಡೆ ಇಟ್ಟ ಮೇಲೆ ಬಾಗಿಲು ಹಾಕಿಕೊಂಡು ಹೊರಗಿರಬೇಕು, ಹಿರಿಯರು ನಿಧಾನವಾಗಿ ಉಣ್ಣಲಿ ಅಂತ. ಅಮ್ಮ ಮಗ ಮೆಟ್ಟಿಲ ಮೇಲೆ ಕೂತೆವು. ಇಷ್ಟು ಹೊತ್ತು ಎಂದೂ ಕೂತಿರಲಿಲ್ಲ. ಬಾಗಿಲು ತೆಗೆಯೋಣ ಎಂದು ಅವನೂ ಅನ್ನಲಿಲ್ಲ, ನಾನೂ ಏಳಲಿಲ್ಲ.

ಕೊನೆಗೆ ಯೂಟ್ ಬಂತು. ಸೊಸೆಯ ತುಟಿ ಒಡೆದಿತ್ತು, ಮುಖ ಹಿಮದ ಮೇಲಿನ ಬಿಸಿಲಿಗೆ ಸುಟ್ಟು ಬದನೆಕಾಯಿಯಾಗಿತ್ತು. ಇಳಿದವಳು ನನ್ನ ಮುಖ ನೋಡಲಿಲ್ಲ.

"ಒಳ್ಳೇ ಹೋತ ಹೊಡೆದಿದ್ದೆ ಅತ್ತೆ. ಹಿಮದಲ್ಲಿ ಹೊತ್ತು ಇಳಿಯಕ್ಕಾಗ್ಲಿಲ್ಲ. ಅಲ್ಲೇ ಬಿಟ್ಟು ಬಂದೆ."

"ಬೂಟು ಬಿಚ್ಚು. ಒಳಗೆಲ್ಲ ಕೆಸರಾಗ್ತದೆ" ಅಂದೆ.

ಮೂರು ಸಲ ಬಾಗಿಲು ತಟ್ಟಿ ಒಳಗೆ ಹೋದೆವು. ಅವಳು ಎಲೆಗೆ ಬಗ್ಗಿ ಮೂಸಿದಳು. "ಕುರಿನಾ? ಅದಕ್ಕೇ, ಮಾವ ಮುಟ್ಟೇ ಇಲ್ಲ ನೋಡಿ ಅತ್ತೆ!"

"ಮುಟ್ಟದಿದ್ರೆ ಉಪವಾಸ ಇರ್ಲಿ" ಅಂದೆ. ಎಲೆಯನ್ನು ಅವಳ ಮುಂದಕ್ಕೆ ಎಳೆದೆ. "ನೀನು ಉಣ್ಣು."