ಅಕ್ಕಿ ಡಬ್ಬಿಯಲ್ಲಿ ಒಂದು ಗಂಟೆ

ನನ್ನ ಬೆಳಗು ನನ್ನದಲ್ಲ. ಮನೆ ಶಾರ್ಜಾದಲ್ಲಿ, ಆಫೀಸು ದುಬೈಯಲ್ಲಿ, ಬೆಳಗು ಮಾತ್ರ ಹಂಗಾರಕಟ್ಟೆಯಲ್ಲಿರುವ ನಮ್ಮಮ್ಮನ ಸುಪರ್ದಿಯಲ್ಲಿ. ಅಲ್ಲಿ ದೋಸೆ ಹೊಯ್ಯುವ ಹೊತ್ತಿಗೆ ಇಲ್ಲಿ ಇನ್ನೂ ಕತ್ತಲೆ. ಸೂರ್ಯನ ಈ ಸೋಮಾರಿತನ ಅಮ್ಮನಿಗೆ ಒಪ್ಪಿಗೆಯಿಲ್ಲ. ಫೋನ್ ಹೊಡೆದುಕೊಳ್ಳುತ್ತದೆ.

"ಎದ್ಯಾ ಹೆಣೆ?"

(ಹೆಣೆ ಎಂದರೆ ನಮ್ಮ ಕಡೆ ಹುಡುಗೀ ಅಂತ.) ಎದ್ದೆ ಎಂದರೆ ಬಿಡುತ್ತಾಳೆಯೇ? ಅತ್ತಿಗೆ ಬಸಳೆ ಚಪ್ಪರ ಕಟ್ಟಿದ್ದು, ಪಕ್ಕದ ಮನೆ ಪದ್ದಕ್ಕನ ದನ ಕರು ಹಾಕಿದ್ದು, ಪದ್ದಕ್ಕನ ಮೊಣಕಾಲು ನೋವು, ಎಲ್ಲ ವರದಿಯಾಗಬೇಕು. ಅಷ್ಟರಲ್ಲಿ ನನ್ನ ಆಫೀಸಿನ ಬಸ್ಸಿನ ಹೊತ್ತಾಗಿರುತ್ತದೆ.

ಹೀಗಿರುವಾಗ ನಮ್ಮ ಆಫೀಸಿನಲ್ಲಿ ಒಬ್ಬರು ದುಡಿಯುವ ಹೆಂಗಸರ ಆರೋಗ್ಯಕರ ಮುಂಜಾವಿನ ಬಗ್ಗೆ ಉಪನ್ಯಾಸ ಕೊಟ್ಟರು. ಎದ್ದೊಡನೆ ನಿಂಬೆ ಹಿಂಡಿದ ಬಿಸಿನೀರು, ಆಮೇಲೆ ಆಸನ, ದೀಪದೆದುರು ಧ್ಯಾನ, ಕೊನೆಗೆ ಶವಾಸನ. ಮುಖ್ಯವಾದದ್ದು, ಮೊದಲ ಒಂದು ಗಂಟೆ ಫೋನ್ ಮುಟ್ಟಬಾರದು. "ಆ ಒಂದು ಗಂಟೆ ನಿಮ್ಮದು, ನಿಮ್ಮದು ಮಾತ್ರ" ಎಂದರು. ನನಗೆ ಕಣ್ಣಲ್ಲಿ ನೀರೇ ಬಂತು. ನನ್ನದು ಅಂತ ಯಾರಾದರೂ ಏನಾದರೂ ಕೊಟ್ಟದ್ದು ಅದೇ ಮೊದಲು. (ತಾಳಿ ಬಿಟ್ಟರೆ.)

ಮನೆಗೆ ಬಂದವಳೇ ಎರಡು ಫೋನನ್ನೂ ಅಕ್ಕಿ ಡಬ್ಬಿಯಲ್ಲಿ ಹೂಳುವುದೆಂದು ಘೋಷಿಸಿದೆ.

"ನಿಂದ್ ಹೂಳ್. ನಂದ್ ಎಂತಕ್ಕೆ?" ಗಂಡ ರೋಹಿತ್ ಕೇಳಿದರು.

"ನಾ ಎತ್ತದಿದ್ರೆ ಅಮ್ಮ ನಿಮ್ಗ್ ಮಾಡತ್ತ್."

"ಅಮ್ಮಂಗ್ ಒಂದ್ ಮಾತ್ ಹೇಳ್ ಮಾರಾಯ್ತಿ."

"ಹೇಳ್ರೆ ಅಮ್ಮ ಬಿಡುಕಿತ್ತಾ?"

ಮರುದಿನ ನಿಂಬೆ ನೀರು ಕುಡಿದೆ. ಕೈಕಾಲನ್ನು ಎಳೆದಷ್ಟು ಎಳೆದೆ. ರಸ್ತೆಯ ಸದ್ದು ಕೇಳದಂತೆ ಕಿವಿಗೆ ಹತ್ತಿ ತುರುಕಿ, ಎಸಿ ಚಳಿಗೆ ಬಿಳಿ ಹೊದಿಕೆ ಹೊದ್ದು, ತಲೆಯ ಹತ್ತಿರ ದೀಪ ಇಟ್ಟುಕೊಂಡು ನಡುಮನೆಯ ನೆಲದ ಮೇಲೆ ಉದ್ದಕ್ಕೆ ಮಲಗಿದೆ. ಎಂಥ ಶಾಂತಿ! ಆ ಶಾಂತಿಯೊಳಗೆ ಮೆಲ್ಲಗೆ ಊರಿನ ಬೆಳಗು ಬಂದು ಕೂತಿತು. ಅಂಗಳದಲ್ಲಿ ಹಿಡಿಸೂಡಿಯ ಸರಸರ, ಬಾವಿಯ ರಾಟೆ, ಹೊಳೆಬದಿಯಲ್ಲಿ ದೋಣಿ ಕಟ್ಟುವವರ ಸುತ್ತಿಗೆ, ಬೇಲಿಯ ಹತ್ತಿರ ಅಮ್ಮನ ಕೂಗು: "ಹ್ವಾಯ್ ಪದ್ದು!" ಆಚೆಯಿಂದ ಪದ್ದಕ್ಕ "ಹ್ವಾಯ್!" ಅನ್ನಬೇಕು. ಅದು ಕೇಳದೆ ಅಮ್ಮ ಒಲೆ ಹಚ್ಚಿದವಳಲ್ಲ. ಒಂದು ದಿನ ಉತ್ತರ ಬರಲಿಲ್ಲವೆಂದು ಬೇಲಿ ಹಾರಿ, ಹೆಂಚು ತೆಗೆಸಿ ಆ ಮನೆಯೊಳಗೆ ಆಳು ಇಳಿಸಿದ್ದಳು. ಪದ್ದಕ್ಕ ಮೊದಲ ಬಸ್ಸಿಗೆ ಸಿದ್ದಾಪುರಕ್ಕೆ ಹೋಗಿದ್ದಳು, ಅಷ್ಟೆ. ಅದನ್ನು ನೆನೆದು ನಗುತ್ತಾ ನಗುತ್ತಾ ನಾನು ನಿದ್ದೆ ಹೋದೆ. (ಉಪನ್ಯಾಸದಲ್ಲಿ ಈ ಆಸನ ಇರಲಿಲ್ಲ.)

ಅತ್ತ ಅಮ್ಮ ನನಗೆ ಮಾಡಿ, ರೋಹಿತರಿಗೆ ಮಾಡಿ, ಕೊನೆಗೆ ಸೂರನಿಗೆ ಮಾಡಿದಳು. ಸೂರ ನನ್ನ ಚಿಕ್ಕಪ್ಪನ ಮಗ. ಶಾರ್ಜಾದ ನಮ್ಮ ಬೀದಿಯಲ್ಲೇ ಅವನ ಹೋಟೆಲು, ನಮ್ಮ ಮನೆಯ ಇನ್ನೊಂದು ಬೀಗದಕೈ ಅವನಲ್ಲೇ. ಅಮ್ಮನನ್ನು ವಿಡಿಯೋದಲ್ಲಿ ಹಿಡಿದುಕೊಂಡೇ ಓಡಿಬಂದು ಬಾಗಿಲು ತೆಗೆದ. ಎದುರಿಗೆ ನಾನು: ನೆಲದ ಮೇಲೆ, ಬಿಳಿ ಬಟ್ಟೆ, ಹತ್ತಿ, ತಲೆಯ ಹತ್ತಿರ ದೀಪ. ನಮ್ಮೂರಲ್ಲಿ ಯಾರನ್ನು ಹೀಗೆ ಮಲಗಿಸುತ್ತಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

"ಅಯ್ಯೋ ವಿನಯಕ್ಕಾ! ಹೋದ್ಯಾ!" ಸೂರ ಅಳುತ್ತಾ ಕಾಲಬುಡದಲ್ಲಿ ಕುಸಿದ. ಲುಂಗಿ ಹಿಡಿದುಕೊಂಡು ಒಳಗಿನಿಂದ ಬಂದ ರೋಹಿತ್ ಅವನನ್ನು ನೋಡಿ ತಾವೂ ಅಳತೊಡಗಿದರು. (ನನ್ನನ್ನೊಮ್ಮೆ ಮುಟ್ಟಿ ನೋಡೋಣ ಅಂತ ಇಬ್ಬರಿಗೂ ತೋಚಲಿಲ್ಲ. ಇದನ್ನು ನಾನು ಮರೆಯುವವಳಲ್ಲ.)

ಆಗ ಸೂರನ ಕೈಯಿಂದ ಬಿದ್ದಿದ್ದ ಫೋನು ಗುಡುಗಿತು: "ಎಂತಕ್ ಮರ್ಕುದ್ ಸೂರ? ಅದ್ ಗೊರ್ಕಿ ಹೊಡಿತಿತ್ತ್, ಕೇಂತಿಲ್ಯಾ? ಹ್ವಾಯ್ ವಿನಯಾ! ಏಳ್ ಹೆಣೆ, ಬ್ರಹ್ಮಾವರದ್ ಬಸ್ ಹೋಯ್ತ್!"

ಹತ್ತಿ ಸೀಳಿಕೊಂಡು ಬಂದ ಆ ಕೂಗಿಗೆ ನಾನು ಚಂಗನೆ ಎದ್ದು, ಎಂದೋ ಮುಗಿದ ಕಾಲೇಜಿನ ಚೀಲ ಹುಡುಕತೊಡಗಿದೆ. ಹೆಣ ಎದ್ದದ್ದು ಕಂಡು ಸೂರ ಅಡುಗೆಮನೆಗೆ ಓಡಿದ. ದುಬೈ ಬಸ್ಸು ನಿಜವಾಗಿಯೂ ಹೋಗಿತ್ತು.

ಅಮ್ಮನಿಗೆ ಉಪನ್ಯಾಸ, ಒಂದು ಗಂಟೆ, ಅಕ್ಕಿ ಡಬ್ಬಿ ಎಲ್ಲ ಒಪ್ಪಿಸಿದೆ. ಬೈಯಲಿಲ್ಲ. "ಹಾಂಗಾ" ಅಂದಳು, ಅಷ್ಟೆ.

ಮರುದಿನ ಫೋನನ್ನು ದಿಂಬಿನ ಮೇಲೆ ಕೂರಿಸಿಕೊಂಡು ಕಾದೆ. ಫೋನ್ ಬರಲಿಲ್ಲ. ಬೆಳಕು ಹರಿಯಿತು. ನಾನೇ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಅತ್ತಿಗೆ ಬೈಂದೂರಿಗೆ, ತವರಿಗೆ ಹೋಗಿದ್ದಳು. ಅಣ್ಣ ದೋಣಿ ಶೆಡ್ಡಿನಲ್ಲಿ, ಸುತ್ತಿಗೆ ಸದ್ದಿಗೆ ಅವನಿಗೆ ಫೋನ್ ಕೇಳದು. ನಿಂಬೆ ನೀರು ಅತ್ತ ಇಟ್ಟು ಪದ್ದಕ್ಕನಿಗೆ ಫೋನ್ ಮಾಡಿದೆ.

"ಪದ್ದಕ್ಕ, ಅಮ್ಮ ಫೋನ್ ಎತ್ತುದಿಲ್ಲ. ಬೇಲಿ ಹಾರಿ ಕಾಣಿ!"

"ಈ ಮೊಣಕಾಲಂಗಾ?"

"ಹಾರಿ ಪದ್ದಕ್ಕ! ಬೇಕಾರೆ ಹೆಂಚ್ ತೆಗ್ಸಿ!"

ಬೇಲಿ ಮುರಿದ ಸದ್ದು, "ಅಯ್ಯಬ್ಬಾ ಸೊಂಟ" ಎಂಬ ಸದ್ದು. ಆಮೇಲೆ ಅಮ್ಮನ ಆರಾಮದ ದನಿ.

"ಎಂತ ಗಲಾಟಿ ನಿಂದ್? ಜಗಲಿಯಂಗ್ ಮಲ್ಕಂಡಿದ್ದೆ. ನಿನ್ನೆ ನೀ ಮಲ್ಗದ್ ಕಂಡ್ ನಂಗೂ ಆಸಿ ಆಯ್ತ್. ಫೋನ್ ಅಕ್ಕಿ ಡಬ್ಬಿಯೊಳ್ಗ್ ಇತ್ತ್. ಒಂದ್ ಗಂಟಿ ಯಾರೂ ಕರೂಕಾಗ."

"ನಾ ಹೆದ್ರಿ ಸತ್ತೆ ಅಮ್ಮ!"

"ನಿನ್ನೆಯೇ ಸತ್ತಿದ್ಯಲೆ" ಎಂದು ನಕ್ಕು ಫೋನ್ ಇಟ್ಟಳು.

ಆ ಒಂದು ಗಂಟೆ ಈಗ ಅಮ್ಮನದು. ನಾನು ನಿಂಬೆ ನೀರು ಹಿಡಿದುಕೊಂಡು ಅದು ಮುಗಿಯುವುದನ್ನೇ ಕಾಯುತ್ತಿರುತ್ತೇನೆ. ಅಷ್ಟು ಹೊತ್ತಾದರೂ ನಿದ್ದೆ ಮಾಡೋಣವೆಂದರೆ ಅದೂ ಇಲ್ಲ. ನನ್ನನ್ನು ಎಬ್ಬಿಸುವ ಅಧಿಕಾರವನ್ನು ಅಮ್ಮ ಪದ್ದಕ್ಕನಿಗೆ ವಹಿಸಿಕೊಟ್ಟಿದ್ದಾಳೆ.

"ಎದ್ಯಾ ಹೆಣೆ? ಆವತ್ ನೀ ಬೇಲಿ ಹಾರ್ಸದ್ಯಲೆ, ಆ ಮೊಣಕಾಲ್ ಇವತ್ತ್ ಹ್ಯಾಂಗಿತ್ತ್ ಅಂದ್ರೆ..."